ತೊಟ್ಟಿಲ ಕೂಸಿಗೆ ದೀಕ್ಷಾಸ್ನಾನ ಬೇಕೇ?

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕ್ರೈಸ್ತ ಮನೆಗಳಲ್ಲಿ ಬಾಣಂತಿ ಕೋಣೆಯ ಹೊರಗೆ ಏಳುವ ಪ್ರಶ್ನೆ ಇದು. ಬೇಳ, ಕಯ್ಯಾರು, ಮಂಜೇಶ್ವರದ ಇಗರ್ಜಿಗಳ ಕಥೋಲಿಕರೂ 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಶನ್ ಪರಂಪರೆಯವರೂ ಕೂಸನ್ನು ಎತ್ತಿಕೊಂಡೇ ದೀಕ್ಷಾಸ್ನಾನಕ್ಕೆ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ವಿಧಿಗೆ, ಹೋಗುತ್ತಾರೆ. ಬ್ರದರನ್, ಪೆಂತೆಕೋಸ್ತ್ ಸಭೆಗಳವರು ಕೂಸಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಅದು ಬೆಳೆದು ತಾನೇ ನಂಬಿ ನೀರಿಗಿಳಿಯುವ ದಿನಕ್ಕಾಗಿ ಕಾಯುತ್ತಾರೆ. ಈ ಎರಡು ಬಗೆಯ ಮನೆಗಳ ನಡುವೆ ಸಂಬಂಧ ಬೆಳೆದರೆ, ಮದುವೆಯ ದಿನ ಯಾರೂ ಎತ್ತದ ಮಾತು ಚೊಚ್ಚಲ ಹೆರಿಗೆಯ ಹೊತ್ತಿಗೆ ಎದ್ದು ನಿಲ್ಲುತ್ತದೆ.

ಪರ: ಕೊಡುವವನು ದೇವರು, ಕೂಸು ಪಡೆಯಲಿ

ಕೊಂಕಣಿ ಬೇಕೋ ತುಳು ಬೇಕೋ ಎಂದು ಕೂಸನ್ನು ಕೇಳಿ ಯಾರೂ ಜೋಗುಳ ಹಾಡುವುದಿಲ್ಲ. ಮನೆಯಲ್ಲಿ ಇರುವ ಮಾತನ್ನೇ ಕೊಡುತ್ತೇವೆ, ಕೂಸು ಅದರಲ್ಲೇ ಬೆಳೆಯುತ್ತದೆ. ವಿಶ್ವಾಸವೂ ಹಾಗೆ ಮನೆಯಿಂದ ಬರುವಂಥದ್ದು. ದೀಕ್ಷಾಸ್ನಾನವನ್ನು ಮನುಷ್ಯನ ಸಾಕ್ಷಿ ಎಂದಷ್ಟೇ ಕಂಡರೆ ಮಾತು ಬಾರದ ಕೂಸಿಗೆ ಅದು ಸಲ್ಲದು, ನಿಜ. ಆದರೆ ಅದು ಮೊದಲಿಗೆ ದೇವರ ಕೆಲಸ. ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನು ದೇವರ ರಾಜ್ಯವನ್ನು ಸೇರಲಾರ ಎಂದು ಯೇಸು ನಿಕೊದೇಮನಿಗೆ ಹೇಳಿದ್ದು ಹುಟ್ಟಿನ ಮಾತಿನಲ್ಲೇ, ಮತ್ತು ಹುಟ್ಟನ್ನು ಯಾರೂ ತಾವೇ ಮಾಡಿಕೊಳ್ಳುವುದಿಲ್ಲ.

ಅಬ್ರಹಾಮನೊಂದಿಗಿನ ಒಡಂಬಡಿಕೆಯ ಗುರುತನ್ನು ಎಂಟನೆಯ ದಿನದ ಗಂಡುಕೂಸಿಗೆ ಕೊಡಬೇಕಿತ್ತು. ಕೂಸಿನ ಒಪ್ಪಿಗೆ ಕೇಳಿ ಆದಿಕಾಂಡದಲ್ಲಿ ಯಾರೂ ಸುನ್ನತಿ ಮಾಡಿಸಲಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಪೌಲನು ಸುನ್ನತಿಯನ್ನೂ ದೀಕ್ಷಾಸ್ನಾನವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಹಳೆಯ ಒಡಂಬಡಿಕೆಯಲ್ಲಿ ಒಳಗಿದ್ದ ಕೂಸನ್ನು ಹೊಸದರಲ್ಲಿ ಹೊರಗೆ ನಿಲ್ಲಿಸುವುದಿದ್ದರೆ ಅದನ್ನು ಎಲ್ಲಾದರೂ ಬಿಡಿಸಿ ಹೇಳಬೇಕಿತ್ತು. ಹೇಳಿಲ್ಲ. ಬದಲಿಗೆ ಪವಿತ್ರಾತ್ಮ ಇಳಿದ ಪಂಚಾಶತ್ತಮದ ದಿನ ಪೇತ್ರನು ಈ ವಾಗ್ದಾನ ನಿಮಗೂ ನಿಮ್ಮ ಮಕ್ಕಳಿಗೂ ಎನ್ನುತ್ತಾನೆ. ಲುದ್ಯಳ ಮನೆಯವರು, ಫಿಲಿಪ್ಪಿಯ ಸೆರೆಮನೆಯ ಯಜಮಾನನ ಮನೆಯವರು, ಸ್ತೆಫನನ ಮನೆಯವರು, ಎಲ್ಲ ಕಡೆ ಇಡೀ ಮನೆಗೆ ದೀಕ್ಷಾಸ್ನಾನವಾಯಿತು. ಆ ಮನೆಗಳಲ್ಲಿ ಕೂಸುಗಳಿದ್ದವು ಎಂದು ಬೈಬಲ್ ಹೇಳುವುದಿಲ್ಲ, ಅದನ್ನು ಒಪ್ಪಲೇಬೇಕು. ಕೂಸುಗಳನ್ನು ಬಿಟ್ಟರು ಎಂದೂ ಅದು ಹೇಳುವುದಿಲ್ಲ.

ಮೂರನೆಯ ಶತಮಾನದ ನಡುವಿಗೆ ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಜೊತೆಯ 66 ಬಿಷಪರ ಮುಂದೆ ಬಂದ ಪ್ರಶ್ನೆ ಕೂಸಿಗೆ ದೀಕ್ಷಾಸ್ನಾನ ಕೊಡಬಹುದೇ ಎಂಬುದಲ್ಲ, ಎಂಟನೆಯ ದಿನದವರೆಗೆ ಕಾಯಬೇಕೇ ಎಂಬುದು. ಕಾಯಬೇಡಿ ಎಂದರು. ಅಷ್ಟು ಹೊತ್ತಿಗೆ ಆ ಪದ್ಧತಿ ಬೇರೂರಿತ್ತು.

ಇನ್ನು ಆಚರಣೆ. ಕಥೋಲಿಕ ವಿಧಿಯಲ್ಲಿ ಮೊದಲು ಬಾಗಿಲಲ್ಲಿ ಸ್ವಾಗತ, ಹಣೆಯ ಮೇಲೆ ಶಿಲುಬೆಯ ಗುರುತು. ವಾಕ್ಯ ಓದಿ, ಪ್ರಾರ್ಥಿಸಿ, ಎದೆಗೆ ಎಣ್ಣೆ ಹಚ್ಚಿ, ನೀರನ್ನು ಆಶೀರ್ವದಿಸುತ್ತಾರೆ. ಹೆತ್ತವರೂ, ಕೂಸಿನ ವಿಶ್ವಾಸಕ್ಕೆ ಹೊಣೆ ನಿಲ್ಲುವ ಜ್ಞಾನತಂದೆ ತಾಯಿಯೂ ಸೈತಾನನನ್ನು ತೊರೆದು ವಿಶ್ವಾಸವನ್ನು ಅರಿಕೆಮಾಡುತ್ತಾರೆ. ಆಮೇಲೆ ತಲೆಯ ಮೇಲೆ ಮೂರು ಸಲ ನೀರು, ನೆತ್ತಿಗೆ ಪವಿತ್ರ ತೈಲ, ಬಿಳಿ ಬಟ್ಟೆ, ಪಾಸ್ಖ (ಈಸ್ಟರ್) ಮೊಂಬತ್ತಿಯಿಂದ ಹಚ್ಚಿದ ಬತ್ತಿ. ಇಷ್ಟರಲ್ಲಿ ತಪ್ಪಲೇಬಾರದ್ದು ಎರಡು: ನೀರು ಮತ್ತು ಮಾತು. ನೀರು ಚರ್ಮದ ಮೇಲೆ ಹರಿಯಬೇಕು. ದಟ್ಟ ಕೂದಲಿನ ಕೂಸಿಗೆ ನಾಲ್ಕು ಹನಿ ಚಿಮುಕಿಸಿದರೆ ನೀರು ಕೂದಲಲ್ಲೇ ನಿಲ್ಲುತ್ತದೆ. ಎಳನೀರು, ಹಾಲು ಸಲ್ಲವು. ಮಾತು, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಾನು ನಿನಗೆ ದೀಕ್ಷಾಸ್ನಾನ ಮಾಡಿಸುತ್ತೇನೆ ಎಂಬುದು. ‘ನಾನು’ ಎನ್ನುವಲ್ಲಿ ‘ನಾವು’ ಎಂದರೆ ದೀಕ್ಷಾಸ್ನಾನ ಆಗಿಯೇ ಇಲ್ಲ ಎಂದು ವ್ಯಾಟಿಕನ್ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಕೊಡುವವನು ಕ್ರಿಸ್ತ, ಕೂಡಿದ ಜನವಲ್ಲ ಎಂಬುದು ಅದರ ಹಿಂದಿನ ವಿಚಾರ.

ಕೂಸಿನ ಪ್ರಾಣಕ್ಕೆ ಅಪಾಯವಿದ್ದರೆ ಧರ್ಮಗುರುಗಳಿಗಾಗಿ ಕಾಯಬೇಕಿಲ್ಲ. ಸಭೆ ಮಾಡುವುದನ್ನೇ ಮಾಡುತ್ತಿದ್ದೇನೆ ಎಂಬ ಮನಸ್ಸಿದ್ದರೆ ಅಜ್ಜಿ, ನರ್ಸ್, ಕ್ರೈಸ್ತರಲ್ಲದವರು, ಯಾರೂ ಮಾಡಿಸಬಹುದು. ಗಾಜಿನ ಪೆಟ್ಟಿಗೆಯೊಳಗಿನ ಕೂಸಾದರೆ ಡಾಕ್ಟರರ ಅನುಮತಿ ಪಡೆದು, ಸಿರಿಂಜಿನಲ್ಲಿ ಸ್ವಲ್ಪ ಉಗುರು ಬೆಚ್ಚಗಿನ ಶುದ್ಧ ನೀರು ತೆಗೆದು, ಹಣೆಯ ಮೇಲೆ ಹರಿಯುವಂತೆ ಬಿಟ್ಟು ಆ ಮಾತನ್ನು ಹೇಳಿದರೆ ಸಾಕು. ತಾರೀಕು, ಹೊತ್ತು, ಮಾಡಿಸಿದವರ ಹೆಸರು ಬರೆದಿಟ್ಟು ಇಗರ್ಜಿಗೆ ತಿಳಿಸಬೇಕು. ಕೂಸು ಬದುಕಿ ಬಂದರೆ ನೀರನ್ನು ಮತ್ತೆ ಹಾಕುವುದಿಲ್ಲ, ಉಳಿದ ವಿಧಿಗಳನ್ನು ಪೂರೈಸುತ್ತಾರೆ.

ನಮ್ಮ ಗಡಿನಾಡಿನಲ್ಲಿ ಹೆಚ್ಚಾಗಿ ಕೆಡುವುದು ದಾಖಲೆ. ಬೇಳ, ಕಯ್ಯಾರು, ಮಂಜೇಶ್ವರದ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತದವು, 1956ರಲ್ಲಿ ಎಳೆದ ರಾಜ್ಯದ ಗಡಿ ಇವನ್ನು ಬೇರೆ ಮಾಡಲಿಲ್ಲ. ಇಲ್ಲೇ ಹುಟ್ಟಿದ ಕೂಸಿನ ಜನನ ದಾಖಲೆ ಮಾತ್ರ ಕೇರಳದ್ದು. ಅಲ್ಲಿ ಒಂದು ಕಾಗುಣಿತ, ಇಗರ್ಜಿಯ ಪುಸ್ತಕದಲ್ಲಿ ಇನ್ನೊಂದು, ಮನೆಯಲ್ಲಿ ಕರೆಯುವ ಹೆಸರು ಮೂರನೆಯದು. ಮದುವೆಯ ಹೊತ್ತಿಗೆ ದೀಕ್ಷಾಸ್ನಾನದ ಸರ್ಟಿಫಿಕೇಟು ಬೇಕೇ ಬೇಕು, ಆಗ ಈ ಮೂರು ಹೆಸರು ಒಬ್ಬರದೇ ಎಂದು ತೋರಿಸಲು ಓಡಾಟ. ಜನನ ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದನ್ನು ಅಕ್ಷರ ಅಕ್ಷರ ನೋಡಿ ಬರೆಸಿ. ಜ್ಞಾನತಂದೆಯೋ ತಾಯಿಯೋ ಒಬ್ಬರಾದರೂ ಬೇಕು, ಇಬ್ಬರಾದರೆ ಒಬ್ಬ ಗಂಡು ಒಬ್ಬ ಹೆಣ್ಣು. 16 ತುಂಬಿರಬೇಕು, ದೃಢೀಕರಣ (ಬೆಳೆದ ಮೇಲೆ ವಿಶ್ವಾಸವನ್ನು ಗಟ್ಟಿಮಾಡುವ ಸಂಸ್ಕಾರ) ಆಗಿರಬೇಕು, ಹೆತ್ತವರೇ ಆಗಕೂಡದು. ಬೇರೆ ಸಭೆಯ ದೀಕ್ಷಾಸ್ನಾನ ಪಡೆದ ಭಾವನನ್ನು ನಿಲ್ಲಿಸಬೇಕೆಂದಿದ್ದರೆ ಕಥೋಲಿಕರೊಬ್ಬರ ಜೊತೆ ಸಾಕ್ಷಿಯಾಗಿ ನಿಲ್ಲಬಹುದು.

ಇಷ್ಟಾಗಿಯೂ ಎಲ್ಲ ಕೂಸುಗಳಿಗೂ ಕಣ್ಣು ಮುಚ್ಚಿ ಕೊಡಬೇಕೆಂದು ಈ ಪಕ್ಷ ಹೇಳುವುದಿಲ್ಲ. ಮಗು ವಿಶ್ವಾಸದಲ್ಲಿ ಬೆಳೆದೀತು ಎಂಬ ಭರವಸೆಯೇ ಇಲ್ಲದಿದ್ದರೆ ಮುಂದೂಡಬೇಕೆಂದು ಸಭೆಯ ಕಾನೂನಿನ 868ನೆಯ ಕಲಮು ಹೇಳುತ್ತದೆ. ಹಾಲ್ ಬುಕ್ ಮಾಡಿ, ಕೇಟರಿಂಗ್ ಹೇಳಿ, ಕೊನೆಗೆ ಧರ್ಮಗುರುಗಳಲ್ಲಿ ತಾರೀಕು ಕೇಳುವವರು ಆ ಕಲಮನ್ನು ಒಮ್ಮೆ ಓದಬೇಕು. ಹೆತ್ತವರು ಅಂದು ಮಗುವಿನ ಪರವಾಗಿ ಕೊಟ್ಟ ಮಾತನ್ನು ಮಗು ದೃಢೀಕರಣದ ದಿನ ತನ್ನ ಬಾಯಲ್ಲೇ ಹೇಳುತ್ತದೆ. ನಡುವಿನ ವರ್ಷಗಳಲ್ಲಿ ರಾತ್ರಿಯ ಪ್ರಾರ್ಥನೆ, ಭಾನುವಾರದ ಧರ್ಮೋಪದೇಶ, ಬೈಬಲ್ ಓದು ತಪ್ಪಿದರೆ ಆ ದಿನ ಹೇಳಲು ಅದಕ್ಕೆ ಮಾತೇ ಇರುವುದಿಲ್ಲ.

ವಿರೋಧ: ಕೇಳಿದವನು ನಂಬಲಿ, ನಂಬಿದವನು ಇಳಿಯಲಿ

ಮಾರ್ಕನ ಸುವಾರ್ತೆಯ 16:16ರಲ್ಲಿ ನಂಬುವುದು ಮೊದಲು, ದೀಕ್ಷಾಸ್ನಾನ ಆಮೇಲೆ. ಅಪೊಸ್ತಲರ ಕೃತ್ಯಗಳಲ್ಲಿ ಈ ಸರದಿ ಹಿಂದುಮುಂದಾಗುವುದಿಲ್ಲ. ಪೇತ್ರನು ‘ನಿಮ್ಮ ಮಕ್ಕಳಿಗೂ’ ಎಂದ ಎರಡೇ ವಚನದ ಮುಂದೆ, ಅವನ ಮಾತನ್ನು ಒಪ್ಪಿಕೊಂಡವರು ದೀಕ್ಷಾಸ್ನಾನ ಪಡೆದರು ಎಂದಿದೆ. ಇಡೀ ಮನೆಯ ವಾದವನ್ನೂ ಪೂರ್ತಿ ಓದಬೇಕು. ಸೆರೆಮನೆಯ ಯಜಮಾನನ ಮನೆಯವರಿಗೆಲ್ಲ ಪೌಲ ಸೀಲರು ಮೊದಲು ವಾಕ್ಯ ಹೇಳಿದರು (ಕೃತ್ಯಗಳು 16:32), ಕೊನೆಗೆ ಮನೆಯವರೆಲ್ಲ ಸಂತೋಷಪಟ್ಟರು (16:34). ಕ್ರಿಸ್ಪನು ಮನೆಯವರೆಲ್ಲರ ಸಹಿತ ನಂಬಿದನು (18:8). ಸ್ತೆಫನನ ಮನೆಯವರು ದೇವಜನರ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡಿದ್ದರು (1 ಕೊರಿಂಥ 16:15). ಕೇಳುವುದು, ನಂಬುವುದು, ಸೇವೆ ಮಾಡುವುದು ತೊಟ್ಟಿಲ ಕೂಸಿನ ಕೆಲಸಗಳಲ್ಲ.

ವಿಶ್ವಾಸಿಯ ಮಕ್ಕಳು ಪವಿತ್ರರು ಎಂಬ 1 ಕೊರಿಂಥ 7:14ನ್ನೂ ಎತ್ತುವುದುಂಟು. ಅದೇ ವಚನದಲ್ಲಿ ನಂಬದ ಗಂಡನೂ ಹೆಂಡತಿಯಿಂದ ಪವಿತ್ರನಾದ ಎಂದಿದೆ. ಅಷ್ಟರಿಂದ ಅವನಿಗೆ ಯಾರೂ ದೀಕ್ಷಾಸ್ನಾನ ಕೊಡುವುದಿಲ್ಲ. ಕೊಲೊಸ್ಸೆ 2:12ರಲ್ಲಿ ದೀಕ್ಷಾಸ್ನಾನದ ಮಾತಿಗೆ ನಂಬಿಕೆಯ ಮಾತು ಅಂಟಿಕೊಂಡೇ ಬರುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಅದು ಕ್ರಿಸ್ತನೊಡನೆ ಹೂಣಿಸಿಕೊಂಡು ಹೊಸ ಬದುಕಿಗೆ ಏಳುವುದು. ಹಳೆಯದನ್ನು ಹೂಳಲು ಹಳೆಯದು ಯಾವುದೆಂದು ಗೊತ್ತಿರಬೇಕು.

ಇತಿಹಾಸವನ್ನೂ ಒಂದೇ ಕಡೆಗೆ ಎಳೆಯಲಾಗದು. ಸಿಪ್ರಿಯನನಿಗಿಂತ ಅರ್ಧ ಶತಮಾನ ಮೊದಲು, ಅದೇ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಚಿಕ್ಕ ಮಕ್ಕಳ ದೀಕ್ಷಾಸ್ನಾನವನ್ನು ತಡಮಾಡುವುದೇ ಒಳ್ಳೆಯದು, ಅವರು ಕ್ರಿಸ್ತನನ್ನು ಅರಿಯುವಷ್ಟು ಬೆಳೆದು ಬರಲಿ ಎಂದು ಬರೆದ. 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಕೆಲವರು ವಿಶ್ವಾಸಿಗಳಾಗಿ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಫೆಲಿಕ್ಸ್ ಮಾಂಜ್‌ನನ್ನು ಅದೇ ಕಾರಣಕ್ಕೆ ಎರಡು ವರ್ಷದೊಳಗೆ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಂದರು. ಜೀವ ಕೊಟ್ಟು ಉಳಿಸಿದ ಈ ಸತ್ಯವನ್ನು ಕೇವಲ ಪದ್ಧತಿಯ ಜಗಳ ಎಂದು ತಳ್ಳಿಹಾಕುವುದು ಸಲ್ಲ.

ಹಾಗೆಂದು ಕೂಸನ್ನು ಹೊರಗಿಡುವುದಿಲ್ಲ. ಹನ್ನಳು ಸಮುವೇಲನನ್ನು ತಂದಂತೆ ಶಿಶುವನ್ನು ಸಭೆಯ ಮುಂದೆ ತಂದು ಸಮರ್ಪಿಸುತ್ತೇವೆ. ಮಕ್ಕಳನ್ನು ನನ್ನ ಬಳಿಗೆ ಬರಗೊಡಿಸಿರಿ ಎಂದ ಯೇಸು ಅವರನ್ನು ಅಪ್ಪಿಕೊಂಡು ಆಶೀರ್ವದಿಸಿದ, ಅಲ್ಲಿ ನೀರಿನ ಮಾತಿಲ್ಲ. ತೀರಿಕೊಂಡ ಕೂಸಿನ ಬಗ್ಗೆ ತಾಯಂದಿರು ಅಂಜುತ್ತಾರೆ. ಆ ಅಂಜಿಕೆಯನ್ನು ನೀರಿಗೆ ಕಟ್ಟಬಾರದು, ಅದನ್ನು ದೇವರ ಕರುಣೆಗೇ ಒಪ್ಪಿಸಬೇಕು.

ಕಾಯುವುದೆಂದರೆ ಸುಮ್ಮನೆ ಇರುವುದಲ್ಲ. ನೀರು ಕೇಳಿದವರನ್ನು ಕನಿಷ್ಠ ಎಂಟು ಹತ್ತು ವಾರ ಕೂರಿಸಿ ಪಾಪ, ಪಶ್ಚಾತ್ತಾಪ, ಶಿಲುಬೆ, ಪುನರುತ್ಥಾನ, ಪವಿತ್ರಾತ್ಮ, ಪ್ರಾರ್ಥನೆ, ಕರ್ತನ ಮೇಜು ಇವನ್ನು ಬೈಬಲಿನಿಂದಲೇ ಓದಿಸಬೇಕು. ಕೊನೆಗೆ ಕೇಳಬೇಕಾದ್ದು ಮೂರು: ಯೇಸು ನಿನಗಾಗಿ ಏನು ಮಾಡಿದ, ಅದು ನಿನಗೆ ಗೊತ್ತಾದದ್ದು ಹೇಗೆ, ಇಂದಿನಿಂದ ಏನು ಬಿಡುತ್ತೀಯ? ಬಾಯಿಪಾಠ ಒಪ್ಪಿಸಿದರೆ ಇನ್ನೂ ಕಾಯಲಿ. ನಮ್ಮ ಕಡೆ ಕೆಡುವುದು ಇಲ್ಲೇ. ರಜೆಯ ಶಿಬಿರದ ಕೊನೆಯ ದಿನ ಹಾಡು ಏರಿದಾಗ ಗೆಳತಿ ಎದ್ದಳೆಂದು ಹನ್ನೊಂದರ ಹುಡುಗಿಯೂ ಏಳುತ್ತಾಳೆ. ಅಂದೇ ನೀರಿಗಿಳಿಸಿದರೆ ಕೂಸಿಗೆ ಕೊಟ್ಟದ್ದಕ್ಕಿಂತ ಅದು ಮೇಲೇನಲ್ಲ. ಮನೆಗೆ ಹೋಗಿ ಹೆತ್ತವರೊಡನೆ ಮಾತಾಡಿ, ತಿಂಗಳು ಬಿಟ್ಟು ಮತ್ತೆ ಕೇಳಬೇಕು. 18 ತುಂಬದವರಿಗೆ ಹೆತ್ತವರ ಒಪ್ಪಿಗೆ ಇರಲಿ.

ಇನ್ನು ಜಾಗ. ಯೋಹಾನನು ಐನೋನಿನಲ್ಲಿ ದೀಕ್ಷಾಸ್ನಾನ ಮಾಡಿಸುತ್ತಿದ್ದದ್ದು ಅಲ್ಲಿ ಬಹಳ ನೀರಿದ್ದ ಕಾರಣ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಯಸ್ವಿನಿ, ಶಿರಿಯ ಹೊಳೆಗಳಿಗೆ ಇಳಿಯಲೇಬಾರದು. ಸೆಳೆತ ಒಂದು ಭಯ, ಇಲಿಜ್ವರ ಇನ್ನೊಂದು. ಕಾಲಿನಲ್ಲಿ ಗಾಯವಿದ್ದವರು ಮಳೆ ನಿಂತ ಮೇಲೂ ನಿಂತ ನೀರಿಗೆ ಹೋಗದಿರಲಿ. ತೋಡಿಗೆ ಕಟ್ಟ (ಅಡ್ಡಗಟ್ಟೆ) ಕಟ್ಟಿದ ಮೇಲೆ, ಜನವರಿ ಹೊತ್ತಿಗೆ, ಅದರ ಮೇಲ್ಗಡೆ ಸೊಂಟದ ಮಟ್ಟದ ತಿಳಿನೀರು ಸಿಗುತ್ತದೆ. ಅಳಿವೆಯ ಹತ್ತಿರವಾದರೆ ಇಳಿತ ಶುರುವಾಗುವ ಮೊದಲೇ ಮುಗಿಸಬೇಕು, ನೀರು ಸಮುದ್ರದ ಕಡೆಗೆ ಎಳೆಯುತ್ತದೆ. ಅಡಿಕೆ ತೋಟದ ಟ್ಯಾಂಕಿ ಕಂಡು ಆಸೆಪಡಬೇಡಿ. ಬೋರ್ಡೋ ದ್ರಾವಣ ಕಲಸುವ ಟ್ಯಾಂಕಿಯಲ್ಲಿ ಮೈಲುತುತ್ತು ಉಳಿದಿರುತ್ತದೆ, ಕಣ್ಣು ಉರಿಯುತ್ತದೆ.

ಅಂಗಳದಲ್ಲಿ ತೊಟ್ಟಿ ಇಡುವುದಾದರೆ 6 ಅಡಿ ಉದ್ದ, 4 ಅಡಿ ಅಗಲ, 3 ಅಡಿ ನೀರು. ಅದು ಸುಮಾರು 2,000 ಲೀಟರ್, ಅಂದರೆ ಎರಡು ಟನ್ ಭಾರ, ಆದ್ದರಿಂದ ಮಹಡಿಯ ಮೇಲೆ ಬೇಡ. ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಸಣ್ಣಗೆ ಬರುತ್ತದೆ, ಹಿಂದಿನ ರಾತ್ರಿಯೇ ಬಿಡಬೇಕು. ಬಿಳಿ ಬಟ್ಟೆ ಒದ್ದೆಯಾದರೆ ಮೈ ಕಾಣುತ್ತದೆ, ಕಡುಬಣ್ಣದ ದಪ್ಪ ಬಟ್ಟೆಯೇ ಸರಿ. ಗಂಡಸರಿಗೆ ಮುಂಡು ಬೇಡ, ತೇಲಿ ಮೇಲೆ ಬರುತ್ತದೆ. ವಯರಿನ ಮೈಕು ನೀರಿನ ಹತ್ತಿರ ಕೂಡದು. ಇಳಿದವರು ಕೈಗಳನ್ನು ಎದೆಯ ಮೇಲೆ ಮಡಿಸಿಕೊಳ್ಳಲಿ. ಪಾಸ್ಟರು ಬದಿಗೆ ನಿಂತು ಒಂದು ಕೈಯನ್ನು ಹೆಗಲ ಹಿಂದೆ ಕೊಟ್ಟು, ಇನ್ನೊಂದರಿಂದ ಕರವಸ್ತ್ರದಲ್ಲಿ ಮೂಗು ಮುಚ್ಚಿ, ಮೊಣಕಾಲು ಮಡಿಸಲು ಹೇಳಿ ಹಿಂದಕ್ಕೆ ಮಲಗಿಸಬೇಕು. ಮೊಣಕಾಲು ಮಡಿಸದೆ ಬಿಗಿಯಾಗಿ ನಿಂತವರ ಭಾರವೆಲ್ಲ ಪಾಸ್ಟರ ಕೈಗೆ ಬಿದ್ದು ಇಬ್ಬರೂ ಜಾರುತ್ತಾರೆ. ಮೊಣಕಾಲು ನೋವಿನ ಅಜ್ಜಿಯನ್ನು ತೊಟ್ಟಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಇಬ್ಬರು ಹಿಡಿದು ಮೆಲ್ಲನೆ ಹಿಂದಕ್ಕೆ ಬಾಗಿಸಬಹುದು. ಹಾಸಿಗೆ ಹಿಡಿದವರಿಗೆ ಮೂರು ಸಲ ತಲೆಗೆ ಸುರಿದರೂ ಆಯಿತು. ಆದಿಸಭೆಯ ಬೋಧನೆಯ ಪುಸ್ತಕವಾದ ಡಿಡಾಖೆಯೇ ನೀರು ಸಾಲದಿದ್ದಲ್ಲಿ ಅದಕ್ಕೆ ಒಪ್ಪಿದೆ, ನಾವು ಅದಕ್ಕಿಂತ ಬಿಗಿಯಾಗಬೇಕಿಲ್ಲ.

ಕೂಸಿದ್ದಾಗ ನೀರು ಹಾಕಿಸಿಕೊಂಡವರು ಬಂದು ಮತ್ತೆ ಕೇಳಿದರೆ? ಕಥೋಲಿಕ ಸಭೆ ಇದನ್ನು ಒಪ್ಪದು, ಮನೆಯವರಿಗೆ ನೋವಾಗುತ್ತದೆ. ಎಫೆಸದಲ್ಲಿ ಯೋಹಾನನ ದೀಕ್ಷಾಸ್ನಾನ ಮಾತ್ರ ಪಡೆದಿದ್ದ ಸುಮಾರು ಹನ್ನೆರಡು ಮಂದಿಗೆ ಪೌಲನು ಮತ್ತೆ ಮಾಡಿಸಿದ (ಕೃತ್ಯಗಳು 19) ಎಂಬುದೇ ನಮ್ಮ ಆಧಾರ. ಆದರೂ ಅವರನ್ನು ಅವಸರಪಡಿಸಬಾರದು, ಅಪ್ಪ ಅಮ್ಮನ ಕೈಯಲ್ಲಿ ಅಂದು ಉರಿದ ಬತ್ತಿಯನ್ನು ಅವರೆದುರು ಹಳಿಯಬಾರದು. ಮನೆಗೆ ಹೋಗಿ ತಾಯಿಗೆ ತಾನೇ ತಿಳಿಸಿ ಬರಲಿ, ಆಮೇಲೆ ತಾರೀಕು ಗೊತ್ತುಮಾಡೋಣ.