ಮುದ್ದೆಗೆ ಕೊರತೆ ಇಲ್ಲ, ಪುರುಸೊತ್ತಿಗೆ ಇದೆ

ಕೆಲಸ ಹೋದವನಿಗೆ ಬೇಕಾಗಿರುವುದು ದುಡ್ಡು ಅಂತ ಎಲ್ಲರೂ ಹೇಳುತ್ತಾರೆ. ದುಡ್ಡು ಬೇಕು, ಇಲ್ಲ ಅನ್ನಲ್ಲ. ಆದರೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇದ್ದುಕೊಂಡು ಕೋಲಾರದ ನಮ್ಮವರನ್ನು ನೋಡುವಾಗ ನನಗೆ ಬೇರೆಯೇ ಅನಿಸುತ್ತದೆ. ನಮ್ಮ ಕಡೆ ಕೆಲಸ ಹೋದವನಿಗೆ ಮನೆಯವರು ಊಟ ಹಾಕುತ್ತಾರೆ, ಪುರುಸೊತ್ತು ಮಾತ್ರ ಕೊಡುವುದಿಲ್ಲ.

ನಮ್ಮ ಚಿಕ್ಕಪ್ಪನ ಮಗನನ್ನೇ ತಗೊಳ್ಳಿ. ಊರು ವೇಮಗಲ್ ಹತ್ತಿರ. ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟ್ ಮೇಲೆ ಕ್ವಾಲಿಟಿ ಚೆಕಿಂಗ್ ಕೆಲಸ ಮಾಡುತ್ತಿದ್ದ. ಒಂದು ಸಂಜೆ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು, ನಾಳೆಯಿಂದ ಬರುವುದು ಬೇಡ ಅಂತ. ಫ್ಯಾಕ್ಟರಿಯವರನ್ನು ಕೇಳಿದರೆ ಏಜೆನ್ಸಿಯವರನ್ನು ಕೇಳಪ್ಪ ಅಂದರು. ಏಜೆನ್ಸಿಯವರು ಫ್ಯಾಕ್ಟರಿ ಕಡೆ ಕೈ ತೋರಿಸಿದರು. ಒಂದು ಎಕ್ಸ್‌ಪೀರಿಯೆನ್ಸ್ ಲೆಟರಿಗೆ ಚಪ್ಪಲಿ ಸವೆಯುವಷ್ಟು ಅಲೆದ. ಇಲ್ಲಿ ಜರ್ಮನಿಯಲ್ಲಿ, ಕೆಲಸ ಬಿಡುವವನು ಕೇಳಿದರೆ ಅವನು ಏನು ಮಾಡಿದ, ಹೇಗೆ ಮಾಡಿದ ಅಂತ ಕಂಪನಿ ಬರೆದುಕೊಡಲೇಬೇಕು. ಅದು ಕಾನೂನು.

ಅವನ ಎಂ.ಕಾಂ. ಅರ್ಧಕ್ಕೆ ನಿಂತಿತ್ತು. ಇದೇ ಸಮಯ, ದೂರಶಿಕ್ಷಣದಲ್ಲಿ ಮುಗಿಸಿಬಿಡೋಣ ಅಂದುಕೊಂಡ. ಮನೆಯಲ್ಲಿ ಎರಡು ಸೀಮೆಹಸು ಇವೆ, ಡೇರಿ ಬಟವಾಡೆ ಬರುತ್ತೆ. ಮುದ್ದೆ ಸಾರಿಗೆ ಮೋಸವಿಲ್ಲ. ಆದರೆ ಬೆಳಗ್ಗೆ ಪುಸ್ತಕ ತೆಗೆದರೆ ಸಾಕು, "ಮನೇಲೇ ಇದೀಯಲ್ಲ, ಹೋಗಿ ಹುಲ್ಲು ಕೊಯ್ಕೊಂಡು ಬಾ." ಹುಲ್ಲು ತಂದು ಕೂತರೆ, "ಅತ್ತೆಗೆ ಮಂಡಿ ನೋವಂತೆ, ಆಸ್ಪತ್ರೆಗೆ ಕರ್ಕೊಂಡು ಹೋಗು." ಮಧ್ಯಾಹ್ನಕ್ಕೆ ಪಕ್ಕದ ಮನೆಯವರ ಟೊಮೆಟೊ ಮಂಡಿಗೆ ಹೊರಡುತ್ತೆ, ಬಾಕ್ಸ್ ಎತ್ತಲು ಒಬ್ಬ ಬೇಕು. ಯಾರಿಗೂ ಕೆಟ್ಟ ಮನಸ್ಸಿಲ್ಲ. ಕೆಲಸ ಇಲ್ಲದವನು ಎಲ್ಲರ ಕೆಲಸಕ್ಕೂ ಸಿಗುತ್ತಾನೆ, ಅಷ್ಟೇ. ಮೇಲಿಂದ ಸಂಬಂಧಿಕರ ಮಾತು: "ಮಗು ಸ್ಕೂಲಿಗೆ ಹೋಗೋ ಕಾಲಕ್ಕೆ ಅಪ್ಪ ಓದೋದಾ?"

ಕೊನೆಗೆ ಏನು ಮಾಡಿದ ಗೊತ್ತಾ? ಡ್ಯೂಟಿಗೆ ಹೋಗುವವನ ಹಾಗೆ ಹೆಂಡತಿಯ ಕೈಲಿ ಡಬ್ಬಿ ಕಟ್ಟಿಸಿಕೊಂಡು ಬೆಳಗಿನ ಬಸ್ಸಿಗೆ ಕೋಲಾರಕ್ಕೆ ಹೋಗಿ ಲೈಬ್ರರಿಯಲ್ಲಿ ಕೂರಲು ಶುರು ಮಾಡಿದ. ಊರಿಗೆಲ್ಲ ಹೊಸ ಕೆಲಸ ಸಿಕ್ಕಿದೆ ಅಂತ ಸುದ್ದಿ. ಇವನೂ ಅಲ್ಲ ಅನ್ನಲಿಲ್ಲ. ಕುಡಿಯಲು ಕದ್ದು ಹೋಗುವವರನ್ನು ನೋಡಿದ್ದೀನಿ. ಓದಲು ಕದ್ದು ಹೋಗಬೇಕಾದ ಪರಿಸ್ಥಿತಿ ನಮ್ಮದು.

ಇಲ್ಲಿ ನನಗೂ ಕೆಲಸ ಹೋಗಿತ್ತು. ಕಾರಿನ ಬಿಡಿಭಾಗ ಮಾಡುವ ಕಂಪನಿ, ಆರ್ಡರ್ ಕಡಿಮೆಯಾಯ್ತು, ಜನರನ್ನು ಇಳಿಸಿದರು. ನೋಟಿಸ್ ಬಂದಾಗ ಕೆಲಸ ಮುಗಿಯಲು 3 ತಿಂಗಳೂ ಉಳಿದಿಲ್ಲ ಅಂದರೆ, ತಿಳಿದ 3 ದಿನದೊಳಗೆ ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಬೇಕು. ತಡಮಾಡಿದರೆ ಒಂದು ವಾರದ ನಿರುದ್ಯೋಗ ಭತ್ಯೆ ಹೋಗುತ್ತದೆ. ಆ ಭತ್ಯೆ ಕೈಗೆ ಬರುತ್ತಿದ್ದ ಸಂಬಳದ ಸುಮಾರು 60 ಪರ್ಸೆಂಟ್, ಮಕ್ಕಳಿದ್ದರೆ 67. ಐವತ್ತರ ಒಳಗಿನವರಿಗೆ ಹೆಚ್ಚೆಂದರೆ 12 ತಿಂಗಳು. ಇದು ಧರ್ಮದ ದುಡ್ಡಲ್ಲ, ಸಂಬಳದಿಂದ ತಿಂಗಳು ತಿಂಗಳು ಮುರಿದುಕೊಂಡ ವಿಮೆಯದ್ದು. ನನ್ನ ಜೊತೆಗೇ ಕೆಲಸ ಕಳೆದುಕೊಂಡ, ನಲವತ್ತೈದು ದಾಟಿದ ಒಬ್ಬಾಕೆ ಸರ್ಕಾರದ ಖರ್ಚಿನಲ್ಲೇ ಅಕೌಂಟ್ಸ್ ತರಬೇತಿಗೆ ಸೇರಿದರು. ಬಿಲ್ಡಿಂಗಿನ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ತಾವೇ ಹೇಳಿಕೊಂಡು ಓಡಾಡಿದರು. ಅವರನ್ನು ಯಾರೂ ಹುಲ್ಲಿಗೆ ಕಳಿಸಲಿಲ್ಲ. ಕಳಿಸಲು ಮನೆಯಲ್ಲಿ ಯಾರೂ ಇರಲಿಲ್ಲ ಅನ್ನುವುದೂ ನಿಜ. ಜ್ವರ ಬಂದು ಮಲಗಿದರೆ ಗಂಜಿ ಕಾಯಿಸಿ ಕೊಡುವವರೂ ಇರಲಿಲ್ಲ.

ಇಲ್ಲಿಯದ್ದೆಲ್ಲ ಚಿನ್ನ ಅಂತಲ್ಲ. ನನ್ನ ಮಾಸ್ಟರ್ಸ್ ಥೀಸಿಸ್ ಬಾಕಿ ಇತ್ತು. ಫುಲ್‌ಟೈಮ್ ವಿದ್ಯಾರ್ಥಿಯಾದರೆ ಸಾಮಾನ್ಯವಾಗಿ ಭತ್ಯೆ ನಿಲ್ಲುತ್ತದೆ, ಏಕೆಂದರೆ ಕೆಲಸ ಸಿಕ್ಕರೆ ತಕ್ಷಣ ಸೇರಲು ರೆಡಿ ಇರಬೇಕು. ತರಬೇತಿಗೆ ಕೊಡುತ್ತಾರೆ, ಡಿಗ್ರಿಗೆ ಕೊಡಲ್ಲ. ಹಗಲು ಅರ್ಜಿ, ರಾತ್ರಿ ಥೀಸಿಸ್. ಒಂದನೇ ತಾರೀಖು ಬಂದರೆ ಬಾಡಿಗೆ. ಅದರ ಮೇಲೆ ವೀಸಾ ಕೂಡ ಕೆಲಸಕ್ಕೇ ಗಂಟುಬಿದ್ದಿತ್ತು. ಆಗೆಲ್ಲ ಆ ಎರಡು ಸೀಮೆಹಸು ನೆನಪಾಗಿದ್ದು ಸುಳ್ಳಲ್ಲ.

ಕೋಲಾರಕ್ಕೆ ಕೆಲಸ ಹೋಗುವುದು ಹೊಸದೇನೂ ಅಲ್ಲ. ಕೆಜಿಎಫ್‌ನ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಗಣಿ, ಅದಿರಿನಲ್ಲಿ ಚಿನ್ನ ಕಡಿಮೆ, ತೆಗೆಯುವ ಖರ್ಚು ಜಾಸ್ತಿ. ಸಾವಿರಾರು ಮನೆಗಳಿಗೆ ಆಗ ಸಿಕ್ಕ ಪರಿಹಾರ ಅಂದರೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ಟ್ರೇನು. ಇವತ್ತಿಗೂ ಕೆಲಸ ಹೋಯ್ತು ಅಂದವನಿಗೆ ನಮ್ಮವರು ಹೇಳುವುದು ಅದನ್ನೇ, ಬೆಂಗಳೂರಿಗೆ ಹೋಗು ಅಂತ. ಕೂತು ಓದು, ಇನ್ನೊಂದು ವಿದ್ಯೆ ಕಲಿ ಅಂದವರು ಅಪರೂಪ.

ಸರ್ಕಾರದ ಕಡೆಯಿಂದ ಏನೂ ಇಲ್ಲ ಅಂತಲೂ ಅಲ್ಲ. ಇಎಸ್‌ಐ (ಕಾರ್ಮಿಕರ ವಿಮೆ) ಇದ್ದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ 2018ರಲ್ಲಿ ಬಂತು. ಕೆಲಸ ಹೋದರೆ ಸರಾಸರಿ ಸಂಬಳದ ಅರ್ಧ, ಹೆಚ್ಚೆಂದರೆ 90 ದಿನ. ನಮ್ಮ ಹುಡುಗನ ಸಂಬಳದಲ್ಲಿ ಇಎಸ್‌ಐ ಮುರಿಯುತ್ತಿದ್ದರು, ಆದರೆ ಹೀಗೊಂದು ಇದೆ ಅಂತ ಅವನಿಗೆ ಹೇಳಿದವರಿಲ್ಲ. ರಾಜ್ಯದ ಯುವನಿಧಿ ಡಿಗ್ರಿ ಆದವರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತೆ. ಅದು ಹೊಸದಾಗಿ ಪಾಸಾದವರಿಗೆ, ಇದ್ದ ಕೆಲಸ ಹೋದವನಿಗಲ್ಲ. ಮುಂದೆ ಓದುತ್ತಿರುವವರಿಗೂ ಇಲ್ಲ. ಓದು ಬಿಟ್ಟು ಖಾಲಿ ಕೂತರೆ ದುಡ್ಡು, ಪುಸ್ತಕ ಹಿಡಿದರೆ ಇಲ್ಲ! ಈ ವಿಷಯದಲ್ಲಿ ಬೆಂಗಳೂರಿಗೂ ಬರ್ಲಿನ್ನಿಗೂ ಒಂದೇ ಬುದ್ಧಿ. ನನ್ನ ಕೇಳಿದರೆ ಇದು ಉಲ್ಟಾ ಆಗಬೇಕು. ಕೆಲಸ ಹೋದವನು ಅರ್ಧಕ್ಕೆ ಬಿಟ್ಟ ಡಿಗ್ರಿ ಮುಗಿಸುತ್ತೇನೆ ಅಂದರೆ ಪರೀಕ್ಷೆ ಮುಗಿಯುವವರೆಗೆ ಅವನಿಗೇ ಮೊದಲು ಕೊಡಬೇಕು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ 2017ರಿಂದ ಕೋಲಾರದ ಟಮಕದಲ್ಲೇ ಇದೆ. ಸಂಸಾರಸ್ಥರಿಗೆ ಅಂತಲೇ ಸಂಜೆ ಎಂ.ಕಾಂ. ತರಗತಿ ನಡೆಸಿದರೆ ಎಷ್ಟೋ ಜನ ಬರುತ್ತಾರೆ.

ಚಿಕ್ಕಪ್ಪನ ಮಗ ಎಂ.ಕಾಂ. ಪಾಸಾದ. ಈಗ ಕೋಲಾರದ ಒಬ್ಬ ಆಡಿಟರ್ ಹತ್ತಿರ ಇದ್ದಾನೆ, ಜಿಎಸ್‌ಟಿ ರಿಟರ್ನ್ ಫೈಲ್ ಮಾಡುತ್ತಾನೆ. ಸಂಬಳ ಫ್ಯಾಕ್ಟರಿಗಿಂತ ಕಡಿಮೆಯೇ, ಅದನ್ನು ಮನೆಯಲ್ಲಿ ದಿನಾ ಎತ್ತಿ ಆಡುತ್ತಾರೆ. ಮೊನ್ನೆ ಫೋನಿನಲ್ಲಿ ಕಾಸ್ಟ್ ಅಕೌಂಟೆನ್ಸಿ ಕಟ್ಟಲಾ ಅಂತ ಕೇಳಿದ. ಕಟ್ಟು ಅಂದೆ. ಮನೆಯಲ್ಲಿ ಏನು ಹೇಳ್ತೀಯ ಅಂದೆ. "ಏನಿಲ್ಲ ಅಣ್ಣ, ಆಫೀಸಲ್ಲಿ ಲೇಟಾಗುತ್ತೆ ಅಂತೀನಿ" ಅಂದ.