ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದಂತೆ

ಮಡಿಕೇರಿಯ ಯಾವುದೇ ಕಲ್ಯಾಣ ಮಂಟಪದಲ್ಲಿ ಪಂದಿಕರಿ, ಕಡಂಬುಟ್ಟಿನ ಊಟ ಮುಗಿದು ಜನ ಕೈ ತೊಳೆಯಲು ನಿಂತಿರುವಾಗ ಈ ಮಾತು ಕಿವಿಗೆ ಬೀಳುತ್ತದೆ. ಬೆಂಕಿಕಡ್ಡಿಯಲ್ಲಿ ದವಡೆಹಲ್ಲಿನ ಸಂದಿ ಕೆದಕುತ್ತಾ ಒಬ್ಬರು ಪಕ್ಕದವರಿಗೆ ಹೇಳುತ್ತಾರೆ: "ಕ್ಲೀನಿಂಗ್ ಗೀನಿಂಗ್ ಮಾಡಿಸ್ಬೇಡ ಮಾರಾಯ. ನಂದು ಮಾಡಿಸಿದ್ಮೇಲೇ ಅಲ್ಲಾಡ್ಲಿಕ್ಕೆ ಶುರುವಾದದ್ದು." ಇದೇ ಜಿಲ್ಲೆಯ ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದ್ದರೂ ಬೆಂಕಿಕಡ್ಡಿಯವರ ಮಾತಿಗೇ ತೂಕ ಜಾಸ್ತಿ.

ಆ ಹಲ್ಲು ಅಲ್ಲಾಡದೆ ನಿಂತದ್ದೇ ಹಲ್ಲಿಗೆ ಕಟ್ಟಿದ ಗಾರೆಯ ದೆಸೆಯಿಂದ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ನಾಲಗೆ ತಾಗಿಸಿ ನೋಡಿ, ಒರಟಾಗಿ ಸಿಗುತ್ತದೆ. ಜೊಲ್ಲಿನ ನಾಳ ಬಾಯಿ ಬಿಡುವುದು ಅಲ್ಲಿಯೇ. ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಹಲ್ಲಿಗಂಟಿದ ಬ್ಯಾಕ್ಟೀರಿಯಾದ ಪಾಚಿಗೆ ಇಳಿದು ಕಲ್ಲಾಗುತ್ತವೆ, ಗಾರೆಯೆಂದರೆ ಅದೇ. ಕಲ್ಲು ಪಕ್ಕಪಕ್ಕದ ಹಲ್ಲುಗಳನ್ನು ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಅದನ್ನು ಕಿತ್ತ ದಿನ, ಹಲ್ಲನ್ನು ಹಿಡಿದಿಡುವ ಒಳಗಿನ ಎಲುಬು ಎಂದೋ ಕರಗಿಹೋಗಿದ್ದ ಗುಟ್ಟು ರಟ್ಟಾಗುತ್ತದೆ. ಬೈಗುಳ ಮಾತ್ರ ಕಿತ್ತವರಿಗೆ.

ಎಲುಬು ತಿಂದದ್ದು ನೇರವಾಗಿ ಬ್ಯಾಕ್ಟೀರಿಯಾ ಅಲ್ಲ. ಅವುಗಳ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್ ಎಂಬ ವಿಷ ಒಸಡಿಗೆ ಇಳಿದರೆ ಬಿಳಿ ರಕ್ತಕಣಗಳು ದಂಡೆತ್ತಿ ಬರುತ್ತವೆ. ಅವು ಮತ್ತು ಒಸಡಿನ ಕಣಗಳು ಸುರಿಸುವ ಪ್ರೋಸ್ಟಗ್ಲಾಂಡಿನ್‌ನಂಥ ರಾಸಾಯನಿಕಗಳೇ ಎಲುಬು ಕರಗಿಸುವ ಕಣಗಳನ್ನು ಎಬ್ಬಿಸುತ್ತವೆ. ತೋಟಕ್ಕೆ ನುಗ್ಗಿದ ಆನೆ ಓಡಿಸಲು ಹೋದವರೇ ಕಾಫಿ ಗಿಡ ತುಳಿದ ಹಾಗೆ.

1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ದಂತತಜ್ಞ ಹರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಬಹಳ ಮಜವಾದದ್ದು. ಒಸಡು ಸರಿಯಿದ್ದ 12 ಜನರನ್ನು ಹಿಡಿದು, ಇನ್ನು ಹಲ್ಲುಜ್ಜಬೇಡಿ ಎಂದರು. ಅವರಲ್ಲಿ ಹೆಚ್ಚಿನವರು ದಂತ ವೈದ್ಯಕೀಯದ ವಿದ್ಯಾರ್ಥಿಗಳು! ಆ ತರಗತಿಯ ಮುಂದಿನ ಬೆಂಚಿನಲ್ಲಿ ಕೂತವರ ಪಾಡು, ಮನೆಗೆ ಹೋದಾಗ ತಾಯಂದಿರು ಏನೆಂದರು, ಯಾರಾದರೂ ಕದ್ದು ಉಜ್ಜಿದರೇ, ಮದುವೆಗೆ ಹೆಣ್ಣು ನೋಡಲು ಹೋಗಬೇಕಿದ್ದವರು ಏನು ಮಾಡಿದರು, ಇದೊಂದನ್ನೂ ವರದಿ ಹೇಳುವುದಿಲ್ಲ. ಹೇಳುವುದಿಷ್ಟು: 10ರಿಂದ 21 ದಿನಗಳೊಳಗೆ ಹನ್ನೆರಡೂ ಜನರ ಒಸಡು ಊದಿತು. ಮತ್ತೆ ಉಜ್ಜತೊಡಗಿದರು, ಸುಮಾರು ವಾರದಲ್ಲಿ ಇಳಿಯಿತು. ಔಷಧಿಯಿಲ್ಲ, ಲವಂಗದೆಣ್ಣೆಯಿಲ್ಲ.

ನಮ್ಮವರು ಇದನ್ನೇ ತಿರುಗಾಮುರುಗಾ ಮಾಡುತ್ತಾರೆ. "ಡಾಕ್ಟ್ರೇ, ರಕ್ತ ಬರ್ತದೆ, ಅದಕ್ಕೇ ಆ ಕಡೆ ಬ್ರಷ್ ಮುಟ್ಟಿಸೋದೇ ಇಲ್ಲ." ಮುಟ್ಟಿಸದ್ದಕ್ಕೇ ರಕ್ತ ಬರುವುದು! ಮೆತ್ತನೆ ಬ್ರಷ್ಷನ್ನು ಹಲ್ಲೂ ಒಸಡೂ ಸೇರುವ ಗೆರೆಗೆ 45 ಡಿಗ್ರಿ ಓರೆ ಹಿಡಿದು, ಜಾಗ ಬಿಡದೆ ಸಣ್ಣಗೆ ಅಲ್ಲಾಡಿಸಬೇಕು. ಚಪ್ಪಡಿ ತಿಕ್ಕಿದಂತೆ ಗರಗರ ಎಳೆದರೆ ಗೆರೆಯೊಳಗಿನ ಪಾಚಿ ಹಾಗೇ ಉಳಿದು ಬೇರು ಸವೆಯುತ್ತದೆ. ಕೆಲವು ದಿನ ರಕ್ತ ಬಂದೀತು, ಬರಲಿ. ಎರಡು ವಾರಕ್ಕೂ ನಿಲ್ಲದಿದ್ದರೆ ಹಲ್ಲಿಗೂ ಒಸಡಿಗೂ ನಡುವಿನ ಸಂದಿಗೆ ಡಾಕ್ಟ್ರು ಅಳತೆಕಡ್ಡಿ ಇಳಿಸಿ ನೋಡಬೇಕು: 3 ಮಿಲಿಮೀಟರ್‌ವರೆಗೆ ಸರಿ, ಅದಕ್ಕಿಂತ ಇಳಿದರೆ ಬ್ರಷ್ಷಿಗೆ ಎಟುಕದು. ಬೀಡಿ ಸಿಗರೇಟಿನವರಿಗೆ ರಕ್ತವೂ ಸರಿಯಾಗಿ ಬರುವುದಿಲ್ಲ. ಒಸಡು ಗಟ್ಟಿಯಿದೆ ಎಂದು ಬೀಗುತ್ತಾರೆ.

ಇಷ್ಟನ್ನೂ ಕೈ ತೊಳೆಯುವ ಸಾಲಿನಲ್ಲಿ ಹೇಳಲು ಎಲ್ಲಿ ಪುರಸೊತ್ತು. ಅಷ್ಟರಲ್ಲಿ ಕಡ್ಡಿ ಸಂದಿಯಲ್ಲೇ ಮುರಿದಿರುತ್ತದೆ. "ಇನ್ನೊಂದುಂಟಾ ಮಾರಾಯ?" ಎನ್ನುತ್ತಾ ಅವರು ಪಕ್ಕದವರ ಬೆಂಕಿಪೊಟ್ಟಣಕ್ಕೆ ಕೈ ಚಾಚುತ್ತಾರೆ.