ಇಯಾನ್ ಮಾರ್ಗನ್: ದೇಶ ಬಿಟ್ಟ ಆಟಗಾರನಲ್ಲ, ದಾರಿ ಇಲ್ಲದ ಕಾಲದ ಆಟಗಾರ

ಐರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡ್ ಕ್ರಿಕೆಟ್ ತಂಡ ಸೇರಿದ ಇಯಾನ್ ಮಾರ್ಗನ್ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ರಾಷ್ಟ್ರಗೀತೆಯ ವಿಷಯ ಎತ್ತುತ್ತಾರೆ. ಇಂಗ್ಲೆಂಡ್ ನಾಯಕನಾಗಿದ್ದೂ ಆತ ಹಾಡುತ್ತಿರಲಿಲ್ಲ ಎಂಬ ದೂರು. ಐರ್ಲೆಂಡ್ ಪರ ಆಡುವಾಗಲೂ ತಾನು ಹಾಡಿದವನಲ್ಲ ಎಂದು ಆತನೇ ಹೇಳಿದ್ದಾಗಿದೆ. ಇದರಾಚೆಗೆ ನೋಡಬೇಕಾದ ಸಂಗತಿಗಳು ಬಹಳಷ್ಟಿವೆ.

ಡಬ್ಲಿನ್‌ನಲ್ಲಿ 1986ರಲ್ಲಿ ಹುಟ್ಟಿದ ಮಾರ್ಗನ್, 2006ರಲ್ಲಿ ಸ್ಕಾಟ್ಲೆಂಡ್ ವಿರುದ್ಧ ಐರ್ಲೆಂಡ್ ಪರ ಆಡಿದ ಮೊದಲ ಏಕದಿನ ಪಂದ್ಯದಲ್ಲೇ 99ಕ್ಕೆ ರನ್ ಔಟ್ ಆದವನು. 2007ರ ವಿಶ್ವಕಪ್‌ನಲ್ಲೂ ಅದೇ ಹಸಿರು ಅಂಗಿ. ಆಗ ಐರ್ಲೆಂಡಿಗೆ ಟೆಸ್ಟ್ ಮಾನ್ಯತೆ ಇರಲಿಲ್ಲ, ವರ್ಷಕ್ಕೆ ಸಿಗುತ್ತಿದ್ದ ಒಳ್ಳೆಯ ಪಂದ್ಯಗಳು ಬೆರಳೆಣಿಕೆಯಷ್ಟು. ಟೆಸ್ಟ್ ಆಡುವ ಆಸೆಯಿದ್ದ ಹುಡುಗನಿಗೆ ಒಂದೇ ಬಾಗಿಲು ತೆರೆದಿತ್ತು. ತಾಯಿ ಇಂಗ್ಲೆಂಡ್ ಮೂಲದವರಾದ್ದರಿಂದ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು, ಕೌಂಟಿ ಕ್ರಿಕೆಟ್ ಮಿಡ್ಲ್‌ಸೆಕ್ಸ್‌ನಲ್ಲಿ. ಅಂದಿನ ಐಸಿಸಿ (ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ) ನಿಯಮದಂತೆ ಟೆಸ್ಟ್ ಮಾನ್ಯತೆ ಇಲ್ಲದ ಅಸೋಸಿಯೇಟ್ ದೇಶದಿಂದ ಟೆಸ್ಟ್ ಆಡುವ ಪೂರ್ಣ ಸದಸ್ಯ ದೇಶಕ್ಕೆ ಹೋಗುವವರು ಕಾಯಬೇಕಿರಲಿಲ್ಲ. ಹಾಗಾಗಿ 2009ರ ಏಪ್ರಿಲ್‌ನಲ್ಲಿ ಐರ್ಲೆಂಡ್ ಪರ ವಿಶ್ವಕಪ್ ಅರ್ಹತಾ ಟೂರ್ನಿ ಆಡಿದವನು ಮೇ ತಿಂಗಳಲ್ಲಿ ಬ್ರಿಸ್ಟಲ್‌ನಲ್ಲಿ ಇಂಗ್ಲೆಂಡ್ ಪರ ಕಣಕ್ಕಿಳಿದ. ವಾಪಸ್ ಬರಬೇಕೆಂದರೆ ಮಾತ್ರ ನಾಲ್ಕು ವರ್ಷದ ಕಾಯುವಿಕೆ. ಇಂಗ್ಲೆಂಡಿಗೆ ಹೋಗಿ ಮರಳಿದ ಎಡ್ ಜಾಯ್ಸ್‌ಗೆ 2011ರ ವಿಶ್ವಕಪ್ ಆಡಲು ಐಸಿಸಿಯ ವಿಶೇಷ ಒಪ್ಪಿಗೆ ಬೇಕಾಯಿತು. ಹೋಗುವುದು ಸಲೀಸು, ಬರುವುದು ಕಷ್ಟ! ಆಕ್ಷೇಪ ಎತ್ತುವುದಿದ್ದರೆ ಇಂಥ ನಿಯಮದ ಮೇಲೆ ಎತ್ತಬೇಕು, ಆಟಗಾರನ ಮೇಲಲ್ಲ.

ಇಂಗ್ಲೆಂಡ್ ತಂಡವನ್ನು ಆತ ಮೊದಲ ಬಾರಿ ಮುನ್ನಡೆಸಿದ್ದು 2011ರ ಆಗಸ್ಟ್‌ನಲ್ಲಿ, ಅದೂ ಡಬ್ಲಿನ್‌ನಲ್ಲಿ, ಐರ್ಲೆಂಡ್ ವಿರುದ್ಧವೇ. ಎಷ್ಟು ಕಷ್ಟದ ದಿನವಿದ್ದಿರಬೇಕು ಅದು. 59 ರನ್ ಹೊಡೆದ, ಇಂಗ್ಲೆಂಡ್ ಗೆದ್ದಿತು.

ಟೆಸ್ಟ್ ಕನಸು ಮಾತ್ರ ಕೈಗೂಡಲಿಲ್ಲ. 16 ಟೆಸ್ಟ್, 700 ರನ್, ಎರಡು ಶತಕ, ಅಷ್ಟೇ. ಎಸೆತಕ್ಕೆ ಮುಂಚೆ ಮಂಡಿ ಬಗ್ಗಿಸಿ ಕುಳಿತಂತಾಗಿ, ಕೈಗಳನ್ನು ಆಡಿಸುತ್ತಾ ಕಾಯುವ ಆತನ ರೀತಿ ಬಿಳಿ ಚೆಂಡಿಗೆ ಚೆನ್ನ. ಕೆಂಪು ಚೆಂಡು ಆಫ್ ಸ್ಟಂಪ್ ಆಚೆ ಅಲುಗಾಡತೊಡಗಿದರೆ ಅದೇ ತೊಡಕು. 2012ರಲ್ಲಿ ಯುಎಇಯಲ್ಲಿ ಪಾಕಿಸ್ತಾನದ ಸ್ಪಿನ್ನರ್‌ಗಳು ಕಟ್ಟಿಹಾಕಿದ ಮೇಲೆ ಆತ ಮತ್ತೆ ಟೆಸ್ಟ್ ಆಡಲಿಲ್ಲ.

2015ರ ವಿಶ್ವಕಪ್‌ಗೆ ಎರಡು ತಿಂಗಳಿರುವಾಗ ಅಲಸ್ಟೇರ್ ಕುಕ್ ಜಾಗಕ್ಕೆ ಮಾರ್ಗನ್ ನಾಯಕನಾಗಿ ಬಂದ. ಅಡಿಲೇಡ್‌ನಲ್ಲಿ ಬಾಂಗ್ಲಾದೇಶದ 275ನ್ನು ಬೆನ್ನಟ್ಟಿ 260ಕ್ಕೆ ಆಲೌಟ್. ನಾಯಕನದು ಸೊನ್ನೆ. ಗುಂಪು ಹಂತದಲ್ಲೇ ಮನೆಗೆ. ಆಮೇಲೆ ಕೋಚ್ ಹೋದರು, ಹೊಸ ನಿರ್ದೇಶಕ ಆಂಡ್ರ್ಯೂ ಸ್ಟ್ರಾಸ್ ಮಾರ್ಗನ್‌ನನ್ನು ಮಾತ್ರ ಉಳಿಸಿಕೊಂಡರು. ಇಂಗ್ಲಿಷ್ ಕ್ರಿಕೆಟ್‌ನಲ್ಲಿ ಅದಕ್ಕಿಂತ ಒಳ್ಳೆಯ ತೀರ್ಮಾನ ನನಗೆ ನೆನಪಾಗುತ್ತಿಲ್ಲ.

ಜೂನ್‌ನಲ್ಲಿ ಎಜ್‌ಬಾಸ್ಟನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಪಂದ್ಯದ ಮೊದಲ ಎಸೆತಕ್ಕೇ ಜೇಸನ್ ರಾಯ್ ಔಟ್. ಹಳೆಯ ಇಂಗ್ಲೆಂಡ್ ಆಗಿದ್ದರೆ ಅಲ್ಲಿಂದ ಇಪ್ಪತ್ತು ಓವರ್ ಬಾಗಿಲು ಹಾಕಿಕೊಂಡು ಕೂರುತ್ತಿತ್ತು. ಅವತ್ತು ಹೊಡೆದದ್ದು 408. ಗುಟ್ಟು ಇರುವುದು ಕೆಳಗಿನ ಕ್ರಮಾಂಕದಲ್ಲಿ. ಆದಿಲ್ ರಶೀದ್, ಲಿಯಾಮ್ ಪ್ಲಂಕೆಟ್ ಪ್ರಥಮ ದರ್ಜೆಯಲ್ಲಿ ಶತಕ ಬಾರಿಸಿದವರು. ಅಂಥವರು ಎಂಟು, ಒಂಬತ್ತರಲ್ಲಿ ಕೂತಿದ್ದರೆ ಮೇಲಿನವರ ವಿಕೆಟ್‌ನ ಬೆಲೆ ಇಳಿಯುತ್ತದೆ, ಔಟಾಗುವ ಭಯ ಕಳೆಯುತ್ತದೆ. ಆ ದಿನ ಬಟ್ಲರ್ ಮತ್ತು ರಶೀದ್ ಏಳನೇ ವಿಕೆಟ್‌ಗೆ 177 ಸೇರಿಸಿದರು, ವಿಶ್ವದಾಖಲೆ. ಎರಡೂ ತುದಿಯಿಂದ ಬೇರೆ ಬೇರೆ ಹೊಸ ಚೆಂಡು ಬಳಸುವ ನಿಯಮದಿಂದ ಚೆಂಡು ಕೊನೆತನಕ ಗಟ್ಟಿಯಾಗಿರುತ್ತಿದ್ದುದೂ ನೆರವಾಯಿತು. ಬೌಲಿಂಗ್‌ನಲ್ಲಿ ಮಧ್ಯದ ಓವರ್‌ಗಳನ್ನು ರಶೀದ್‌ನ ಲೆಗ್ ಸ್ಪಿನ್‌ಗೂ ಹೊಲಿಗೆಯನ್ನು ಅಡ್ಡ ಹಿಡಿದು ಹಾಕುವ ಪ್ಲಂಕೆಟ್‌ನ ವೇಗಕ್ಕೂ ಮಾರ್ಗನ್ ಕೊಟ್ಟ. ರನ್ ತಡೆಯಲು ಅಲ್ಲ, ವಿಕೆಟ್ ಕೀಳಲು.

ಈ ಆಟ ಕೈಕೊಡುತ್ತಿದ್ದುದು ನಿಧಾನದ ಪಿಚ್‌ಗಳಲ್ಲಿ. ಚೆಂಡು ಬ್ಯಾಟ್‌ಗೆ ಬರದಿದ್ದರೆ ಮೈಮೇಲೆ ಬಿದ್ದು ಹೊಡೆಯುವವರೇ ಮೊದಲು ಸಿಕ್ಕಿಬೀಳುತ್ತಾರೆ. 2017ರ ಚಾಂಪಿಯನ್ಸ್ ಟ್ರೋಫಿ ಸೆಮಿಫೈನಲ್‌ನಲ್ಲಿ ಕಾರ್ಡಿಫ್‌ನ ಬಳಸಿದ ಪಿಚ್ ಮೇಲೆ 211ಕ್ಕೆ ಮುಗಿದರು. 2019ರ ವಿಶ್ವಕಪ್‌ನಲ್ಲಿ ಹೆಡಿಂಗ್ಲಿಯಲ್ಲಿ ಶ್ರೀಲಂಕಾದ 232 ದಾಟಲಾಗದೆ 212ಕ್ಕೆ ಕುಸಿದರು. ಅದೇ ಟೂರ್ನಿಯಲ್ಲಿ ಅಫ್ಗಾನಿಸ್ತಾನದ ಮೇಲೆ 71 ಎಸೆತದಲ್ಲಿ 148, ಅದರಲ್ಲಿ 17 ಸಿಕ್ಸರ್ ಬಾರಿಸಿದ ನಾಯಕನೇ ಲಾರ್ಡ್ಸ್ ಫೈನಲ್‌ನಲ್ಲಿ ಒಂಬತ್ತಕ್ಕೆ ಔಟ್. ಸೂಪರ್ ಓವರ್‌ಗೆ ಚೆಂಡು ಕೊಟ್ಟದ್ದು ಬಾರ್ಬಡೋಸ್‌ನಲ್ಲಿ ಹುಟ್ಟಿದ ಜೋಫ್ರಾ ಆರ್ಚರ್‌ಗೆ. ಇಂಗ್ಲೆಂಡ್ ಪರ ಆಡಲು ಬೇಕಿದ್ದ ವಾಸದ ಅವಧಿಯನ್ನು ಏಳರಿಂದ ಮೂರು ವರ್ಷಕ್ಕೆ ಇಳಿಸಿದ್ದರಿಂದ ಆ ಮೇ ತಿಂಗಳಷ್ಟೇ ಮಾಲಹೈಡ್‌ನಲ್ಲಿ, ಐರ್ಲೆಂಡ್ ವಿರುದ್ಧ ಮೊದಲ ಏಕದಿನ ಆಡಿದ್ದ ಹುಡುಗ! ಇಂಗ್ಲೆಂಡ್ ಕಪ್ ಗೆದ್ದ ಮೇಲೆ ಐರಿಷ್ ಅದೃಷ್ಟದ ಬಗ್ಗೆ ಕೇಳಿದವರಿಗೆ, ಅಲ್ಲಾಹು ನಮ್ಮ ಜೊತೆಗಿದ್ದಾನೆ ಎಂದು ರಶೀದ್ ಹೇಳಿದ್ದನ್ನು ಮಾರ್ಗನ್ ಸಂತೋಷದಿಂದ ನೆನೆದ.

ನಮ್ಮೂರು ಬೆಂಗಳೂರಿಗೂ ಈ ಕಥೆಯ ನಂಟಿದೆ. 2010ರ ಐಪಿಎಲ್‌ನಲ್ಲಿ ಆತ ಆರ್‌ಸಿಬಿಯಲ್ಲಿದ್ದ. ಮರುವರ್ಷ ಚಿನ್ನಸ್ವಾಮಿಯಲ್ಲಿ ಕೆವಿನ್ ಒಬ್ರಿಯನ್ 50 ಎಸೆತದಲ್ಲಿ ಶತಕ ಹೊಡೆದು ಐರ್ಲೆಂಡ್ 329 ಮಾಡಿ ಇಂಗ್ಲೆಂಡನ್ನು ಕೆಡವಿದಾಗ, ಬೆರಳಿನ ಗಾಯದಿಂದ ಮಾರ್ಗನ್ ತಂಡದಲ್ಲಿರಲಿಲ್ಲ. 2017ರಲ್ಲಿ ಐರ್ಲೆಂಡ್ ಪೂರ್ಣ ಸದಸ್ಯ ದೇಶವಾಯಿತು. 2020ರ ಆಗಸ್ಟ್‌ನಲ್ಲಿ ಸೌತಾಂಪ್ಟನ್‌ನಲ್ಲಿ ಮಾರ್ಗನ್ 106 ಹೊಡೆದು ಇಂಗ್ಲೆಂಡ್ 328 ಗಳಿಸಿತು. ಸ್ಟರ್ಲಿಂಗ್, ಬಾಲ್ಬಿರ್ನಿ ಇಬ್ಬರೂ ಶತಕ ಬಾರಿಸಿದರು, ಐರ್ಲೆಂಡ್ ಒಂದು ಎಸೆತ ಬಾಕಿ ಇರುವಾಗ ಮತ್ತೆ ಅದೇ 329 ಮುಟ್ಟಿತು. ಗೆಲುವಿನ ಹೊತ್ತಿಗೆ ಕ್ರೀಸಿನಲ್ಲಿ ಒಬ್ರಿಯನ್ ಇದ್ದ.